ನರಳಲು ಬಾರದ ಸೊಂಟ

“ಒಂದೀಟು ನರಳಬಾರದೇನವಾ? ತಳಕಲ್ ಊರಿಂದ ಬಸ್ ಹತ್ತಿ ಬಂದೀನಿ,” ಎಂದರು ನನ್ನ ಸೋದರತ್ತೆ. ಸೊಂಟದ ಕೀಲು ಬದಲಿಸಿಕೊಂಡ ಮರುದಿನವೇ ನಾನು ಕೊಪ್ಪಳದ ಆಸ್ಪತ್ರೆಯಲ್ಲಿ ಆರಾಮಾಗಿ ಇಡ್ಲಿ ತಿನ್ನುತ್ತಿದ್ದುದು ಅವರಿಗೆ ಹಿಡಿಸಲಿಲ್ಲ. ಕಣ್ಣೀರು ಹಾಕಲು ಸಿದ್ಧವಾಗಿ ಬಂದವರಿಗೆ ನಿರಾಸೆಯಾಗುವುದು ಸಹಜ.

ಸಕ್ಕರೆ ಕಾಯಿಲೆಯಿಂದ ನನ್ನ ನರಗಳು ಮರಗಟ್ಟಿದ್ದವು. ಕೀಲು ಸವೆದು ಪುಡಿಯಾಗುವವರೆಗೂ ನನಗೆ ನೋವೇ ಗೊತ್ತಾಗಿರಲಿಲ್ಲ. ಹೊಸ ಕೀಲು ಜಾರಿದರೂ ತಿಳಿಯಲಿಕ್ಕಿಲ್ಲ, ಕಾಲು ಮಡಚಿ ಕೂರಲೇಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಅತ್ತೆಯ ವೈದ್ಯಶಾಸ್ತ್ರವೇ ಬೇರೆ.

“ನೋವಿಲ್ಲಂದ್ರ ಎಲ್ಲಾ ಛಲೋ ಆಗೇತಿ. ಚಕ್ಕಳಮಕ್ಕಳ ಹಾಕ್ಕೊಂಡು ಕುಂದ್ರು, ತಲಿ ಬಾಚ್ತೀನಿ.”

ನಾನಾದರೂ ಎಂಥ ಜಾಣೆ. ಡಾಕ್ಟರ ಮಾತು ಬಿಟ್ಟು ಬಾಚಣಿಕೆಯ ಮಾತು ಕೇಳಿ, ಎದ್ದು ಕುಳಿತು ಕಾಲು ಎಳೆದುಕೊಳ್ಳತೊಡಗಿದೆ.

ಪಕ್ಕದ ಹಾಸಿಗೆಯಲ್ಲಿ ಕಾರಟಗಿಯ ಖಾಸೀಂಬಿ ಇದ್ದರು. ಅವರಿಗೂ ಅದೇ ಆಪರೇಷನ್ ಆಗಿತ್ತು. ನರಗಳೆಲ್ಲ ಸರಿಯಿದ್ದುದರಿಂದ ಬೆಳಗಿನಿಂದ ನರಳುತ್ತಿದ್ದರು. ಆ ನರಳಾಟ ಬಿಟ್ಟು ಒಮ್ಮೆಲೇ ಒದರಿದರು.

“ಕಾಲು ಚಾಚವ್ವಾ. ನಿನಗ ನೋವು ತಿಳಿಯಂಗಿಲ್ಲಂದ್ರ ಕೀಲಿಗೂ ತಿಳಿಯಂಗಿಲ್ಲೇನು?”

ಸಿಸ್ಟರ್ ಓಡಿಬಂದು ನನ್ನನ್ನು ಮಲಗಿಸಿ, ಕಾಲುಗಳ ನಡುವೆ ದಿಂಬು ಇಟ್ಟರು. ಪುಣ್ಯಕ್ಕೆ ಕೀಲು ಜಾರಿರಲಿಲ್ಲ. ನಾನು ಮನೆಗೆ ಹೋಗುವವರೆಗೂ ಖಾಸೀಂಬಿ ನನ್ನ ಕಾವಲು ಕಾದರು. ತಮಗಾಗಿ ನರಳುವುದು, ನಡುನಡುವೆ ನನಗಾಗಿ ಬೈಯುವುದು, ಎರಡೂ ಅವರದೇ ಕೆಲಸವಾಯಿತು.

ಈಗ ಯಾರಾದರೂ “ನನಗೆ ಎಲ್ಲೂ ನೋವಿಲ್ಲ” ಎಂದು ಹೆಮ್ಮೆಪಟ್ಟರೆ ನಾನು ಶಹಬ್ಬಾಸ್ ಎನ್ನುವುದಿಲ್ಲ. ಎಕ್ಸ್‌ರೇ ತೆಗೆಸಿದ್ದೀರಾ ಎಂದು ಕೇಳುತ್ತೇನೆ.