ಚೂಡಾಮಣಿಯ ಜಗಲಿ

ಮಳವಳ್ಳಿಯ ಪೇಟೆ ಬೀದಿಯಲ್ಲಿ ಚೂಡಾಮಣಿಯನ್ನು ನೋಡದವರಿಲ್ಲ, ಅವಳು ನಡೆದದ್ದನ್ನು ಕಂಡವರೂ ಇಲ್ಲ. ಮಗುವಾಗಿದ್ದಾಗಲೇ ಜ್ವರ ಬಂದು ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಅಣ್ಣ ಪಾರ್ಥಸಾರಥಿ ಬೆಳಿಗ್ಗೆ ಎತ್ತಿ ತಂದು ಮನೆ ಮುಂದಿನ ಜಗಲಿಯಲ್ಲಿ ಕೂರಿಸಿದರೆ ಕತ್ತಲಾಗುವವರೆಗೆ ಅವಳ ಲೋಕವೆಲ್ಲ ಅಲ್ಲೇ. ನಾನು ಪಕ್ಕದ ಮನೆಯವನು, ದಿನವೂ ನೋಡಿದ್ದೇನೆ.

ಹೂ ಮಾರುವ ದೇವಿರಮ್ಮ ಹಳ್ಳಿಯಿಂದ ಬುಟ್ಟಿ ತುಂಬ ಕನಕಾಂಬರ ತಂದು ಆ ಜಗಲಿಯ ತುದಿಯಲ್ಲಿ ಕೂರುತ್ತಿದ್ದಳು. ಚೂಡಾಮಣಿ ಹೂ ಕಟ್ಟುವಳು, ದೇವಿರಮ್ಮ ಬಾಯಿ ಬಿಚ್ಚುವಳು. ಯಾರ ಹಸು ಕರು ಹಾಕಿತು, ಮುತ್ತತ್ತಿಗೆ ಹೋದ ಬೀಗರು ಹೊಳೆಯಲ್ಲಿ ಹೇಗೆ ಜಾರಿ ಬಿದ್ದರು, ಎಲ್ಲ ಬರುತ್ತಿತ್ತು. ಅಯ್ಯಂಗಾರರದಾದ ಆ ಮನೆಯ ಹೊಸಿಲನ್ನು ಮಾತ್ರ ದೇವಿರಮ್ಮ ಎಂದೂ ದಾಟಿದವಳಲ್ಲ. ಒಳಗೆ ಚೂಡಾಮಣಿಯ ಅಮ್ಮನ ಮಡಿ. ಜಗಲಿಗೆ ಮಡಿಯಿರಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಶಾಲೆಗೆ ಹೊರಟಿದ್ದ ಹುಡುಗಿಯೊಬ್ಬಳು ಲಾರಿಯ ಚಕ್ರಕ್ಕೆ ಸಿಕ್ಕಿದಳು. ಬೀದಿಯಂಚನ್ನೆಲ್ಲ ಜಗಲಿ, ಮೆಟ್ಟಿಲುಗಳೇ ನುಂಗಿದ್ದರೆ ಮಕ್ಕಳು ನಡೆಯುವುದಾದರೂ ಎಲ್ಲಿ? ಎಲ್ಲ ಒಡೆದು ಫುಟ್‌ಪಾತ್ ಮಾಡಬೇಕೆಂದು ಪುರಸಭೆಯ ಆದೇಶವಾಯಿತು. ಆ ಕೆಲಸದ ಉಸ್ತುವಾರಿ ಹೊತ್ತ ಓವರ್‌ಸಿಯರ್ ಆಗಿದ್ದವನು ಇದೇ ಪಾರ್ಥಸಾರಥಿ.

"ನಮ್ಮದನ್ನ ಕೊನೆಗೆ ಒಡೆಸು ಅಣ್ಣ" ಎಂದು ಚೂಡಾಮಣಿ ಬೇಡಿಕೊಂಡಳು.

ಊರವರು ಬೆರಳು ತೋರಿಸಬಾರದೆಂದು ಆ ಮಹಾನುಭಾವ ಮೊದಲು ತನ್ನ ಮನೆಯ ಜಗಲಿಗೇ ಹಾರೆ ಹಾಕಿಸಿದ. ಆದೇಶ ತಪ್ಪೆಂದು ನಾನು ಹೇಳಲಾರೆ. ಆದರೂ ಅವತ್ತು ಅವನ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆಮೇಲೆ ಚೂಡಾಮಣಿ ಹೊಸಿಲೊಳಗೆ ಚಾಪೆಯ ಮೇಲೆ ಕೂತಳು. ದೇವಿರಮ್ಮ ಬುಟ್ಟಿ ಹೊತ್ತು ಹೊರಗೆ ಫುಟ್‌ಪಾತಿನಲ್ಲಿ ನಿಂತಳು.

"ಒಳಗೆ ಬಾರೇ ದೇವಿರಿ, ಅಮ್ಮನಿಗೆ ನಾನು ಹೇಳ್ತೀನಿ."

"ಬ್ಯಾಡ ಕಣವ್ವ. ದೊಡ್ಡಮ್ಮಾರು ಏನೂ ಅನ್ನಾಕಿಲ್ಲ, ನಂಗೇ ಕಾಲು ಏಳಾಕಿಲ್ಲ. ಇಲ್ಲೇ ನಿಂತ್ಕತೀನಿ ಬುಡು."

ನಿಲ್ಲುವುದಕ್ಕೂ ಆಗಲಿಲ್ಲ. ಪುರಸಭೆಯ ಜವಾನ ಹೊನ್ನಯ್ಯ ಬಂದು, "ದಾರಿ ಬುಡಮ್ಮ, ಇಲ್ಲಿ ನಿಲ್ಲಂಗಿಲ್ಲ. ಓವರ್‌ಸಿಯರ್ ಸಾಯೇಬ್ರ ಆರ್ಡ್ರು" ಎಂದ. ಕೆಲವು ದಿನ ಅವಳು ನಡೆಯುತ್ತಲೇ "ಚೆಂದಾಗಿದ್ದೀಯೇನವ್ವ?" ಎಂದು ಕೂಗಿ ಹೋದಳು. ಕೊನೆಗೆ ಆ ಬೀದಿಗೆ ಬರುವುದನ್ನೇ ಬಿಟ್ಟಳು.

ಒಂದು ಸಂಜೆ ನಾನು ಅವರ ಮನೆಯಲ್ಲಿ ಕೂತಿದ್ದೆ. ಪಾರ್ಥಸಾರಥಿ ಆಗಷ್ಟೇ ಕಚೇರಿಯಿಂದ ಬಂದಿದ್ದ.

"ಅಣ್ಣ, ಈಗ ಬೀದೀಲಿ ಜನ ಆರಾಮಾಗಿ ಓಡಾಡ್ತಾರಾ?"

"ಹ್ಞೂಂ ಚೂಡಿ. ಮಕ್ಕಳಿಗೆಲ್ಲ ದಾರಿಯಾಯ್ತು."

"ಒಳ್ಳೇದಾಯ್ತು" ಎಂದಳು. ಬಾಗಿಲಾಚೆಗೆ ನೋಡುತ್ತ, "ನಮ್ಮನೆ ಮುಂದೆ ಯಾರೂ ನಿಲ್ಲೋದಿಲ್ಲ, ಅಲ್ವಾ?" ಎಂದು ಕೇಳಿದಳು.

"ಇಲ್ಲ" ಎಂದವನು ಅಂಗಿಯನ್ನೂ ಬಿಚ್ಚದೆ ಅವಳ ಚಾಪೆಯ ಪಕ್ಕ ನೆಲದಲ್ಲೇ ಕುಸಿದು ಕೂತು, ನಾನಿದ್ದೇನೆಂಬುದನ್ನೂ ಮರೆತು ಅತ್ತ.