ಸೋಮವಾರದ ಬಿಳಿ ಗ್ಲೌಸು

ಕೋಟೆಪೆಕ್ ಊರಿನ ಆ ಶಾಲೆಯಲ್ಲಿ ಸೋಮವಾರ ಎಂದರೆ ಒಬ್ದುಲಿಯಾ ಟೀಚರ್. ಬೆಳಿಗ್ಗೆ ಎಂಟಕ್ಕೆ ಡೋಲು ಬಡಿದು, ಬಿಳಿ ಗ್ಲೌಸು ತೊಟ್ಟ ಆರು ಮಕ್ಕಳು ಧ್ವಜದೊಂದಿಗೆ ಅಂಗಳ ಸುತ್ತುವಾಗ "ಮುಂದೆ ನಡೆ!" ಎಂದು ಕೂಗುವ ಗಂಟಲು ಅವಳದು. ಆ ಆರರಲ್ಲಿ ಒಬ್ಬರಾಗಲು ಮಕ್ಕಳು ವರ್ಷವಿಡೀ ಓದಿ ಸಾಯುತ್ತಿದ್ದರು. ಮಗಳು ಧ್ವಜ ಹಿಡಿದಳೆಂದರೆ ತಾಯಂದಿರು ಬೀದಿಯಲ್ಲಿ ನಡೆಯುವ ಠೀವಿಯೇ ಬೇರೆ. ಅಂಕ ಇಳಿಯಿತೋ, ಗ್ಲೌಸು ಬಿಚ್ಚಿಕೊಡಬೇಕು. ಈ ವಿಷಯದಲ್ಲಿ ಒಬ್ದುಲಿಯಾ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಮುಲಾಜು ತೋರಿಸಿದವಳಲ್ಲ, ಅದನ್ನು ಹೇಳಿಕೊಳ್ಳುವುದೂ ಅವಳಿಗೆ ಇಷ್ಟ.

ಹೀಗಿರುವಾಗ ಧ್ವಜ ಹಿಡಿಯುತ್ತಿದ್ದ ಯುರಿದಿಯಾ ಎಂಬ ಹುಡುಗಿ ಮಂಕಾಗತೊಡಗಿದಳು. ತಲೆ ಬಾಚುತ್ತಿರಲಿಲ್ಲ. ಡೆಸ್ಕಿನ ಮೇಲೆ ತಲೆಯಿಟ್ಟರೆ ಎತ್ತುತ್ತಿರಲಿಲ್ಲ. ಮಂಗಳವಾರ ಬಂದರೆ ಬುಧವಾರ ಇಲ್ಲ. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಳು.

"ಯಾವನೋ ತಲೆ ಕೆಡ್ಸಿರ್ತಾನೆ ಬಿಡಿ, ವಯಸ್ಸೇ ಅಂಥದ್ದು" ಎಂದು ಹೆಡ್‌ಮಾಸ್ತರ ಎವೆಲಿಯೊ ನಕ್ಕರು.

"ಯಾವನೂ ಇಲ್ಲ ಸಾರ್, ಬರೀ ಸೋಮಾರಿತನ. ಎಲ್ಲರ ಮುಂದೆ ಒಂದ್ಸಲ ನಾಚಿಕೆ ಆಗ್ಲಿ, ತಾನೇ ದಾರಿಗೆ ಬರ್ತಾಳೆ" ಎಂದಳು ಒಬ್ದುಲಿಯಾ.

ಮುಂದಿನ ಸೋಮವಾರ ಇಡೀ ಶಾಲೆಯ ಎದುರು ಹುಡುಗಿಯನ್ನು ಕರೆದು ಗ್ಲೌಸು ಬಿಚ್ಚಿಸಿದಳು. ಕೆದರಿದ ತಲೆಯ ಆ ಹುಡುಗಿಯ ಗ್ಲೌಸು ಮಾತ್ರ ಉಳಿದ ಐವರದ್ದಕ್ಕಿಂತ ಬೆಳ್ಳಗಿತ್ತು, ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು. ಒಬ್ದುಲಿಯಾ ಅದನ್ನು ನೋಡಿದಳು. ಏಕೆ ಎಂದು ಕೇಳಿಕೊಳ್ಳಲಿಲ್ಲ. ಯುರಿದಿಯಾ ಮತ್ತೆ ಶಾಲೆಗೆ ಬರಲಿಲ್ಲ.

ಒಂಬತ್ತು ವರ್ಷದ ಮೇಲೆ ಮೇಷ್ಟ್ರುಗಳಿಗೆಲ್ಲ ತರಬೇತಿ ಎಂದು ಆದೇಶ ಬಂತು. ಮಕ್ಕಳ ಮನಸ್ಸಿನ ಕಾಯಿಲೆಯನ್ನು ಗುರುತಿಸುವುದು ಹೇಗೆ ಅಂತೆ. ಒಬ್ದುಲಿಯಾ ಹೆಣಿಗೆ ಚೀಲ ಹಿಡಿದು ಹಿಂದಿನ ಸಾಲಿನಲ್ಲಿ ಕೂತಳು. ಪಾಠ ಮಾಡಲು ಬಂದ ಅನಾಯಿ ಎಂಬ ಹುಡುಗಿಗೆ ಒಬ್ದುಲಿಯಾಳ ಮಗನಷ್ಟೂ ವಯಸ್ಸಾಗಿರಲಿಲ್ಲ.

"ಖಿನ್ನತೆ ಬಂದ ಮಗು ಒಂದೊಂದನ್ನೇ ಕೈಬಿಡ್ತಾ ಬರುತ್ತೆ. ಸ್ನಾನ, ಊಟ, ಓದು, ಗೆಳೆಯರು" ಎಂದಳು ಅನಾಯಿ. "ಅದು ಇನ್ನೂ ಏನನ್ನ ಹಿಡ್ಕೊಂಡಿದೆ ಅಂತ ಮೊದ್ಲು ನೋಡಿ. ಶಿಕ್ಷೆ ಅಂತ ಅದನ್ನ ಮಾತ್ರ ಕಿತ್ಕೋಬೇಡಿ."

ಹೆಣಿಗೆ ಕಡ್ಡಿ ನಿಂತಿತು. ಇಸ್ತ್ರಿ ಮಾಡಿದ ಆ ಗ್ಲೌಸು ಕಣ್ಣೆದುರು ಬಂತು.

ಯುರಿದಿಯಾಳ ತಾಯಿ ರೆಮೆದಿಯೊಸ್ ಶಾಲೆಯ ಹಿಂದಿನ ಗಲ್ಲಿಯಲ್ಲಿ, ಮನೆಯ ಬಾಗಿಲಲ್ಲೇ ಮೆಕ್ಕೆಜೋಳದ ಹಿಟ್ಟಿನ ಬಿಸಿ ತಮಾಲೆ ಕಡುಬು ಮಾರುತ್ತಾಳೆ. ಅಂದು ಸಂಜೆ ಒಬ್ದುಲಿಯಾ ಅಲ್ಲಿಗೆ ಹೋಗಿ ನಿಂತಳು.

"ಏನ್ ಟೀಚರಮ್ಮ, ದಾರಿ ತಪ್ಪಿ ಬಂದ್ರಾ? ಖಾರದ್ದು ಕೊಡ್ಲಾ, ಸಿಹಿದು ಕೊಡ್ಲಾ?"

"ಯುರಿದಿಯಾ ಹೇಗಿದಾಳೆ?"

ರೆಮೆದಿಯೊಸ್ ಹಬೆಪಾತ್ರೆಯ ಮುಚ್ಚಳ ಮುಚ್ಚಿದಳು. "ಹಲಾಪ ಪಟ್ಟಣದ ಡಾಕ್ಟ್ರು ಮಾತ್ರೆ ಕೊಟ್ಟಿದಾರೆ. ಒಂದು ವಾರ ಚೆನ್ನಾಗಿರ್ತಾಳೆ, ಒಂದು ವಾರ ಗೋಡೆ ಕಡೆ ಮುಖ ಮಾಡಿ ಮಲಗ್ತಾಳೆ. ಬೇಗ ತೋರಿಸ್ಬೇಕಿತ್ತು ಅಂದ್ರು. ನಂಗೇನ್ ಗೊತ್ತಿತ್ತು ತಾಯಿ? ಭಾನುವಾರ ಆದ್ರೆ ತಾನೇ ಎದ್ದು ಗ್ಲೌಸು ಒಗೆದು ಇಸ್ತ್ರಿ ಹಾಕೋಳು. ಅದನ್ನ ನೋಡಿ, ಏನೂ ಆಗಿಲ್ಲ ನನ್ ಮಗೀಗೆ ಅಂದ್ಕೊಂಡಿದ್ದೆ."

"ತಪ್ಪು ನಂದು, ರೆಮೆದಿಯೊಸ್."

ರೆಮೆದಿಯೊಸ್ ಮುಚ್ಚಳ ಮತ್ತೆ ತೆಗೆದಳು. ನಾಲ್ಕು ತಮಾಲೆ ಕಟ್ಟಿಕೊಟ್ಟಳು. "ಈಗ್ಲೂ ಅಷ್ಟೇ ನೋಡಿ. ಎಷ್ಟೇ ಸುಸ್ತಾಗಿ ಬಿದ್ಕೊಂಡಿರ್ಲಿ, ಸೋಮವಾರ ನಿಮ್ ಡೋಲು ಕೇಳಿದ್ರೆ ಎದ್ದು ಕಿಟಕಿ ಹತ್ರ ನೆಟ್ಟಗೆ ನಿಲ್ತಾಳೆ. ಮುಗಿದ್ಮೇಲೆ ಮತ್ತೆ ಮಲಗ್ತಾಳೆ."

ಒಬ್ದುಲಿಯಾ ಮನೆ ಸೇರುವವರೆಗೂ ಅತ್ತಳು. ಒಳಗೆ ಹೋಗಿ ಹುಡುಗಿಯ ಕೈ ಹಿಡಿಯುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಆ ವರ್ಷ ಅಂಕ ಇಳಿದ ಇನ್ನೊಬ್ಬ ಹುಡುಗಿಯನ್ನು ಧ್ವಜದ ಸಾಲಿನಿಂದ ತೆಗೆಯಿರಿ ಎಂದು ಎವೆಲಿಯೊ ಹೇಳಿದಾಗ, "ನನ್ನನ್ನ ತೆಗೀರಿ, ಅವಳನ್ನ ಬೇಡ" ಎಂದು ಒಬ್ದುಲಿಯಾ ಅಡ್ಡ ನಿಂತಳು. ಅದು ಆ ಹುಡುಗಿಯ ಪಾಲಿಗೆ ಒಳ್ಳೆಯದಾಯಿತು. ಯುರಿದಿಯಾಳ ಪಾಲಿಗೆ ಏನೂ ಆಗಲಿಲ್ಲ, ಅದು ಒಬ್ದುಲಿಯಾಗೂ ಗೊತ್ತಿತ್ತು.

ಮುಂದಿನ ಸೋಮವಾರ ಡೋಲಿಗೆ ಏಟು ಬಿತ್ತು. ಆರು ಮಕ್ಕಳು ಕಾದು ನಿಂತರು. ಒಬ್ದುಲಿಯಾ ಯಾವತ್ತೂ ಅವರತ್ತ ಮುಖ ಮಾಡಿ ಕೂಗುವವಳು, ಅಂದು ಹಿತ್ತಿಲ ಗೋಡೆಯತ್ತ ತಿರುಗಿ, ಆಚೆಯ ಗಲ್ಲಿಗೂ ಕೇಳುವಂತೆ "ಮುಂದೆ ನಡೆ!" ಎಂದು ಕೂಗಿದಳು.