ಅಪ್ಪನ ಬೆರಳಿಗೆ ಒಂದು ಚಿಟಿಕೆ ಅರಳೆ

ಆ ವರ್ಷ ನಮ್ಮ ಮನೆಯಲ್ಲಿ ಹೊಲಿಗೆ ಬಿಚ್ಚಿಸಿಕೊಳ್ಳದ ದಿಂಬು ಒಂದೂ ಉಳಿಯಲಿಲ್ಲ. ಬಿಚ್ಚಿದ್ದು ಇಲಿಯಲ್ಲ, ನಮ್ಮಪ್ಪ. ನಾನು ಶಾಲೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ನಡುಮನೆಯ ಕಂಬಕ್ಕೆ ಒರಗಿ, ನನ್ನ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೂಲೆಯೊಳಗೆ ಎರಡು ಬೆರಳು ತೂರಿಸಿ ಕೂತಿರುತ್ತಿದ್ದರು.

“ಇದನ್ನ ಯಾರು ಕೊಟ್ರು ನಿನಗೆ? ಇದು ಅರಳೆ ಅಲ್ಲ, ಮಿಲ್ಲಿನ ಕಸ,” ಎಂದು ನನ್ನನ್ನೇ ವಿಚಾರಣೆ ಮಾಡುತ್ತಿದ್ದರು. ಐವತ್ತು ಹುಡುಗಿಯರ ಗದ್ದಲದಲ್ಲಿ ದಿನವಿಡೀ ಪಾಠ ಹೇಳಿ ಗಂಟಲು ಹರಿದುಕೊಂಡು ಬಂದವಳಿಗೆ ಆ ಪ್ರಶ್ನೆ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪ ದಾವಣಗೆರೆಯ ಹತ್ತಿ ಪೇಟೆಯಲ್ಲಿ, ಒಂದು ದಲಾಲಿ ಅಂಗಡಿಯಲ್ಲಿ, ಮೂವತ್ತು ವರ್ಷ ಅರಳೆ ನೋಡುವ ಕೆಲಸ ಮಾಡಿದವರು. ಅರಳೆಯೆಂದರೆ ಬೀಜ ತೆಗೆದ ಹತ್ತಿ. ಅಂಡಿಗೆಯಿಂದ, ಅಂದರೆ ಅರಳೆ ತುಂಬಿದ ದೊಡ್ಡ ಮೂಟೆಯಿಂದ, ಒಂದು ಚಿಟಿಕೆ ಕಿತ್ತು, ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದು, ಜೋಡಿಸಿ ಮತ್ತೆ ಎಳೆದು, ಕೊನೆಗೆ ಉಳಿದ ಎಳೆಗಳನ್ನು ಕರಿ ಕೋಟಿನ ತೋಳಿನ ಮೇಲೆ ಹಾಸಿ ನೋಡಬೇಕು. ಎಳೆ ಉದ್ದವೋ ಗಿಡ್ಡವೋ, ಮಾಲು ಹೊಸದೋ ಇಲ್ಲಾ ಹಳೆಯದನ್ನು ಬೆರೆಸಿದ್ದಾರೋ ಹೇಳಬೇಕು. ಹಾಗೆ ಹೇಳಲಿಕ್ಕೆಂದೇ ಅವರು ಬೇಸಿಗೆಯಲ್ಲೂ ಆ ಕೋಟು ಬಿಡುತ್ತಿರಲಿಲ್ಲ. ಆಮೇಲೆ ಕಣ್ಣಿಗೆ ಪೊರೆ ಬಂತು. ಪೊರೆ ಇನ್ನೂ ಮಾಗಬೇಕು, ಆಮೇಲೆ ತೆಗೆಯೋಣ ಎಂದರು ಡಾಕ್ಟರು. ಮಾಗುವ ತನಕ ಕಾಯುವುದು ಅಂಗಡಿಯ ಸಾವ್ಕಾರರಿಗೆ ಆಗಲಿಲ್ಲ. ಶಾಲು ಹೊದಿಸಿ, ಫಲ ತಾಂಬೂಲ ಕೊಟ್ಟು, ಮರ್ಯಾದೆಯಿಂದಲೇ ಮನೆಗೆ ಕಳಿಸಿದರು.

ನಾನು ಮದುವೆಯಾದ ಎರಡನೆಯ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಟ್ರೇನಿಂಗ್ ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಮೂವರೇ. “ಮೂವತ್ತು ವರ್ಷ ದುಡಿದಿರಿ, ಇನ್ನು ಆರಾಮ ಕೂಡ್ರಿ ಅಪ್ಪಾಜಿ,” ಎಂದು ದೊಡ್ಡ ಬಾಯಿ ಮಾಡಿ ಹೇಳಿದವಳು ನಾನೇ. ಆ ಮಾತಿಗೆ ಎಷ್ಟು ಸಲ ನಾಲಗೆ ಕಚ್ಚಿಕೊಂಡೆನೋ ಲೆಕ್ಕವಿಲ್ಲ.

ಅವ್ವನ ಚಿಂತೆಯಿರಲಿಲ್ಲ. ರೊಟ್ಟಿ ಬಡಿದು ಮುಗಿದರೆ ದೀಪದ ಬತ್ತಿ ಹೊಸೆಯಲು ಕೂರುತ್ತಿದ್ದಳು. ಓಣಿಯ ಅರ್ಧ ಮನೆಗಳ ದೇವರ ಮುಂದೆ ಉರಿಯುತ್ತಿದ್ದದ್ದು ಅವ್ವನ ಬತ್ತಿ. ಹೇಗೂ ಕಿತ್ತಿದ್ದೀರಿ, ಆ ದಿಂಬಿನ ಅರಳೆಯನ್ನೇ ಅವಳಿಗೆ ಕೊಡಿ ಎಂದು ನಾನೊಮ್ಮೆ ಅಪ್ಪನಿಗೆ ಹೇಳಿದ್ದಕ್ಕೆ ಅವ್ವ ನನ್ನನ್ನು ಕೆಕ್ಕರಿಸಿ ನೋಡಿದಳು. “ತಲಿ ಇಟ್ಟು ಮಲಗಿದ ಅರಳೆ ದೇವರಿಗೆ ಹಚ್ತಾರೇನೇ?” ಎಂದು ಸೂಜಿ ದಾರ ತಂದು ದಿಂಬು ಹೊಲಿದಳು. ಮರುದಿನ ಅಪ್ಪ ಇನ್ನೊಂದು ಮೂಲೆ ಬಿಚ್ಚಿದರು.

ನಾನು ಮಾಡದ ಉಪಾಯವಿಲ್ಲ. ಸಂಜೆ ಪೇಪರು ಓದಿ ಹೇಳಿದೆ. ಹತ್ತಿ ಧಾರಣೆ ಬರುವ ತನಕ ಆಕಳಿಸಿ, ಅದು ಮುಗಿದ ಮೇಲೆ ನಿದ್ದೆ ಹೋದರು. ಅಕ್ಕಿ ಆರಿಸಲು ಕೊಟ್ಟೆ. ಪೊರೆಗಣ್ಣಿಗೆ ಕಲ್ಲು ಯಾವುದು ಅಕ್ಕಿ ಯಾವುದು ತಿಳಿಯದೆ, ಅಂದಿನ ಅನ್ನದಲ್ಲಿ ನನ್ನ ದವಡೆ ಹಲ್ಲಿನ ತುದಿ ಮುರಿಯಿತು. ಮಠದಲ್ಲಿ ಪುರಾಣ ಕೇಳಲು ಕಳಿಸಿದೆ. ಕೂತ ಜಮಖಾನೆಯ ನೂಲು ಎಲ್ಲಿಯದು ಎಂದು ಸ್ವಾಮಿಗಳನ್ನೇ ಕೇಳಿ ಬಂದರು. ಕೊನೆಗೆ ಹೊಳೆಯ ಗಾಳಿಯಾದರೂ ಬೀಸಲಿ ಎಂದು ರೈಲಿನಲ್ಲಿ ಹರಿಹರಕ್ಕೆ ಕರೆದೊಯ್ದು ಅವರ ತಂಗಿ, ನನ್ನ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬಂದೆ.

ಹದಿನೈದು ದಿನ ಇರಬೇಕಿದ್ದವರು ನಾಲ್ಕನೆಯ ದಿನಕ್ಕೆ ವಾಪಸ್. ಅತ್ತೆಯೇ ಕೈ ಹಿಡಿದು ಕರೆತಂದಿದ್ದಳು. ಮಗನ ಮದುವೆಗೆಂದು ಅತ್ತೆ ಹೊಸ ಗಾದಿ ಹೊಲಿಸಿದ್ದಳು, ಎರಡು. ಅಪ್ಪ ಎರಡನ್ನೂ ಬಿಚ್ಚಿ ನೋಡಿ, ಮೇಲೆ ಒಳ್ಳೆಯದು ಒಳಗೆ ಕಸ ಎಂದು ಬೀಗರ ಎದುರಿಗೇ ಹೇಳಿದ್ದರು.

“ಅಣ್ಣ ಅಂದಿದ್ದು ಖರೇನೇ ಐತವ್ವ. ಆದ್ರೂ ನನ್ನ ಕೈಲಾಗಲ್ಲ, ನೀನೇ ಇಟ್ಕ,” ಎಂದು ಅತ್ತೆ ನೀರೂ ಕುಡಿಯದೆ ಮುಂದಿನ ರೈಲಿಗೆ ಹೊರಟಳು.

ಆ ಸಿಟ್ಟಿನಲ್ಲೇ ನನಗೊಂದು ಉಪಾಯ ಹೊಳೆಯಿತು. ಶಾಲೆಯ ದಾರಿಯಲ್ಲಿ ಗಾದಿ ಹೊಲಿಯುವ ಪಿಂಜಾರ ಸಾಹೇಬರ ಮನೆಯಿತ್ತು. ಅವರ ಹತ್ತಿರ ಒಂದು ಹಿಡಿ ಅರಳೆ ಇಸಿದುಕೊಂಡು, ಪೇಪರಿನಲ್ಲಿ ಪೊಟ್ಟಣ ಕಟ್ಟಿ, “ಅಪ್ಪಾಜಿ, ಅಂಗಡಿಯಿಂದ ಕಳಿಸ್ಯಾರೆ. ನೀವೊಂದು ಸಲ ನೋಡಿ ಹೇಳಬೇಕಂತೆ,” ಎಂದೆ. ಅಪ್ಪ ಎದ್ದು ಗೂಟದ ಮೇಲಿದ್ದ ಕರಿ ಕೋಟು ಹಾಕಿಕೊಂಡು ಬಂದು ಕೂತರು. ಕಣ್ಣಿಗೆ ಕಾಣದ್ದನ್ನು ಬೆರಳಲ್ಲಿ ನೋಡಿದರು, ತುಟಿಗೆ ಸವರಿ ನೋಡಿದರು. ಅರ್ಧ ಗಂಟೆಯ ಮೇಲೆ ತೀರ್ಪು ಬಂತು: ಎಳೆ ಗಿಡ್ಡ, ಮಾಲು ಕಳಪೆ. ಮರುದಿನ ಸಂಜೆ ನಾನು, “ನೀವಂದಿದ್ದೇ ಸರಿಯಂತೆ,” ಎಂದೆ.

ದಿಂಬುಗಳು ಬದುಕಿಕೊಂಡವು. ನಾನು ಜಾಣೆಯೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದಿನಾ ಪೊಟ್ಟಣ, ದಿನಾ ತೀರ್ಪು, ದಿನಾ “ನೀವಂದಿದ್ದೇ ಸರಿಯಂತೆ”. ಆದರೆ ಒಂದು ತಿಂಗಳಾಗುವಷ್ಟರಲ್ಲಿ ಅಪ್ಪ ಇಳಿದುಹೋದರು. ಒಂದು ರೊಟ್ಟಿ ಅರ್ಧವಾಯಿತು. ಕೇಳಿದರೆ ಏನಿಲ್ಲ ಅನ್ನುತ್ತಿದ್ದರು. ಇಷ್ಟು ಮಾಡಿದರೂ ಈ ಮನುಷ್ಯನಿಗೆ ಸುಖವಿಲ್ಲವಲ್ಲ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ.

ಒಂದು ಸಂಜೆ ಪೊಟ್ಟಣ ಬಿಚ್ಚದೆ ಕೇಳಿದರು: “ಅಂಗಡಿ ಹೆಂಗೆ ನಡದೈತೆ? ತಿಂಗಳಿಂದ ಬರೀ ಕಳಪೆ ಮಾಲೇ ಬರ್ತೈತಲ್ಲ.”

“ಈ ವರ್ಷ ಬೆಳೀನೇ ಹಂಗಂತೆ,” ಎಂದೆ.

“ಅದಿರ್ಲಿ. ನಾನು ಹೇಳಿದ್ದಕ್ಕೆ ಒಬ್ರೂ ಅಲ್ಲ ಅಂದಿಲ್ಲ. ಆ ಪೇಟೆಯಾಗ ಮೂವತ್ತು ವರ್ಷ ಇದ್ದೆ, ಜಗಳ ಇಲ್ದೆ ಒಂದು ಅಂಡಿಗೆ ಹೊರಗೆ ಹೋಗಿಲ್ಲ. ಸಾವ್ಕಾರ್ರಿಗೆ ಮೈಯಾಗ ಆರಾಮ ಐತಾ?”

ಅಪ್ಪ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. “ಇದು ಪಿಂಜಾರ ಸಾಹೇಬ್ರ ಅರಳೆ. ಹೌದಲ್ಲ? ನಾನೇನು ಸಣ್ಣ ಹುಡುಗನೇನು, ಆಟದ ಸಾಮಾನು ಕೊಟ್ಟು ಕೂಡ್ಸೋಕೆ?”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. “ಹಂಗಾರೆ ನಾನೇನು ಮಾಡಬೇಕು ಹೇಳ್ರಿ. ಒಂದು ದಿಂಬು ಬಿಟ್ಟಿಲ್ಲ ನೀವು,” ಎಂದು ಅರಚಿದೆ. ಅವ್ವ ಬತ್ತಿ ಹೊಸೆಯುತ್ತಲೇ, “ನಿಜವಾದ ಅರಳೆ ತಂದು ಕೊಡು, ಅಷ್ಟೇ,” ಎಂದಳು. ಅವಳಿಗೆ ಎಲ್ಲ ಎಷ್ಟು ಸಲೀಸು.

ಹತ್ತಿ ಪೇಟೆಯಲ್ಲಿ ಆಗ ಹೆಂಗಸರೆಂದರೆ ನೆಲಕ್ಕೆ ಬಿದ್ದ ಹತ್ತಿ ಗುಡಿಸುವವರು ಮಾತ್ರ. ಗಾಡಿ, ಎತ್ತು, ಹಮಾಲರ ನಡುವೆ ಕೊಡೆ ಹಿಡಿದುಕೊಂಡು ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ಇಡೀ ಸಾಲು ನನ್ನನ್ನೇ ನೋಡಿತು. ಸಾವ್ಕಾರರು ವಿಷಯ ಕೇಳಿ ನಕ್ಕರು. “ಯಜಮಾನ್ರಿಗೆ ಇನ್ನೂ ಅರಳೆ ಹುಚ್ಚು ಬಿಟ್ಟಿಲ್ಲೇನು?” ಎಂದರೂ ಅಂದು ಬಂದ ಮಾಲಿನಿಂದಲೇ ಒಂದು ಹಿಡಿ ಕೊಟ್ಟರು.

ಅಪ್ಪ ಅಂದು ಒಂದು ಗಂಟೆ ಎಳೆದರು. ಎಳೆ ಉದ್ದ, ಹೊಸ ಮಾಲು, ಬೆರಕೆಯಿಲ್ಲ ಎಂದರು. ಬೆಳಿಗ್ಗೆ ನಾನು ಅದನ್ನೇ ಅಂಗಡಿಯಲ್ಲಿ ಒಪ್ಪಿಸಿದೆ. ಸಾವ್ಕಾರರ ಮುಖದ ನಗು ಇಳಿಯಿತು.

“ಇದ್ರಾಗ ಹೋದ ವರ್ಷದ್ದು ಬೆರೆಸ್ಯಾರೆ ಅಕ್ಕೋರೆ. ನಾವು ನಿನ್ನೆನೇ ಗಾಡಿ ವಾಪಸ್ ಕಳಿಸಿದ್ವಿ. ಪಾಪ, ವಯಸ್ಸಾತು. ಅವರಿಗೆ ಸರಿ ಐತೆ ಅಂತನೇ ಹೇಳಿಬಿಡ್ರಿ.”

ಆ ಇಡೀ ದಿನ ನಾನು ಬೋರ್ಡಿನ ಮೇಲೆ ಏನು ಬರೆದೆನೋ ನನಗೇ ಗೊತ್ತಿಲ್ಲ. ಕಣ್ಣು ಹೋಗಿತ್ತು, ಈಗ ಬೆರಳೂ ಹೋಗಿದೆಯೆಂದು ನಾನೇ ಹೇಳಬೇಕೆ? ಸುಳ್ಳು ಹೇಳೋಣವೆಂದರೆ ಒಂದು ತಿಂಗಳ ಸುಳ್ಳಿಗೆ ಅವರು ಅರ್ಧ ರೊಟ್ಟಿಗೆ ಇಳಿದಿದ್ದರು. ಮನೆಗೆ ಬಂದೆ. ಅಪ್ಪ ಕೋಟು ಹಾಕಿಕೊಂಡೇ ಕಾದಿದ್ದರು. ಚಪ್ಪಲಿ ಕೂಡ ಬಿಡದೆ, “ತಪ್ಪಂತೆ. ಹಳೇದು ಬೆರೆತೈತಂತೆ,” ಎಂದುಬಿಟ್ಟೆ.

ಅವ್ವನ ಕೈ ನಿಂತಿತು. ಅಪ್ಪ ನನ್ನ ದನಿಯ ಕಡೆ ಮುಖ ತಿರುಗಿಸಿದರು.

“ಯಾರಂದ್ರು?”

“ಸಾವ್ಕಾರ್ರು.”

“ಅವನಿಗೇನು ತಿಳೀತೈತೆ? ಎಳೆ ಹಿಡಿಯೋದು ಅವನಿಗೆ ಕಲಿಸಿದ್ದೇ ನಾನು. ನಾಳೆ ನನ್ನ ಕರ್ಕೊಂಡು ನಡಿ.”

ಮರುದಿನ ಬೆಳಿಗ್ಗೆ ಪೇಟೆಯಲ್ಲಿ ನಡೆದ ಜಗಳ ನಾನು ಹೇಳಿ ಮುಗಿಯುವುದಿಲ್ಲ. ಅಪ್ಪ ಕೂಗಿದರು, ಸಾವ್ಕಾರರು ಮೊದಲು ಸಮಾಧಾನ ಹೇಳಿದರು, ಆಮೇಲೆ ಪಾಪ ಗೀಪ ಎಲ್ಲ ಮರೆತು ಅವರೂ ಕೂಗಿದರು. ಮಾದರಿಗೆಂದು ತೆಗೆದಿಟ್ಟಿದ್ದ ಅರಳೆ ತಂದರು, ಇಬ್ಬರೂ ಎಳೆದರು, ಪಕ್ಕದ ಅಂಗಡಿಯವರೂ ಬಂದು ಎಳೆದರು. ಶಾಲೆಯ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ನಾನು ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ಅಪ್ಪ ನನ್ನ ಮೊಣಕೈ ಹಿಡಿದು ಕೆಳಗಿಳಿದರು. ಸ್ವಲ್ಪ ದೂರ ನಡೆದ ಮೇಲೆ, “ಬೆರಕೆ ಐತೆ. ನನಗೆ ತಿಳೀಲಿಲ್ಲ,” ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಪೊರೆ ಬಂದ ಕಣ್ಣಿಗೆ ಅದು ಹೇಗೆ ಕಂಡಿತೋ.

“ಅಳೋದ್ಯಾಕ? ಕಣ್ಣಿದ್ದಾಗಲೂ ನೂರು ಸಲ ತಪ್ಪೀನಿ. ತಪ್ಪಿದಾಗ ಕೂಗಾಡೋರು ಇದ್ರು, ತಿದ್ದಿಕೊಂಡೆ. ನೀ ಒಂದು ತಿಂಗಳು ಸರಿ ಸರಿ ಅಂದಾಗ, ನಾನು ಸತ್ತೇಹೋಗೀನಿ, ನನಗೆ ಹೇಳಿಲ್ಲ ಅಷ್ಟೇ ಅಂದ್ಕಂಡಿದ್ದೆ.” ಒಂದು ಗಳಿಗೆ ನಿಂತು ಕೋಟಿಗೆ ಅಂಟಿದ ಎಳೆಗಳನ್ನು ಕೊಡವಿಕೊಂಡರು. “ನಾಳೆ ಹೊತ್ತಿಗೆ ಮುಂಚೆ ಏಳು. ನನ್ನನ್ನ ಅಂಗಡಿಗೆ ಬಿಟ್ಟು ಸಾಲಿಗೆ ಹೋಗೀಯಂತೆ. ಅವನ ಹತ್ರ ಇನ್ನೂ ಮಾತಾಡೋದೈತೆ.”

ಅವರನ್ನು ಮನೆಗೆ ಮುಟ್ಟಿಸಿ ನಾನು ಶಾಲೆ ಸೇರುವಷ್ಟರಲ್ಲಿ ಎರಡನೆಯ ಪಿರಿಯಡ್ ನಡೆಯುತ್ತಿತ್ತು. ಹೆಡ್‌ಮಿಸ್ಟ್ರೆಸ್ ಎಲ್ಲರೆದುರಿಗೇ ನನ್ನನ್ನು ಬೈದರು. ಬೈಸಿಕೊಳ್ಳುತ್ತ ನಿಂತವಳಿಗೆ, ಅಂಗಡಿಯಲ್ಲಿ ಕೂಗಾಡುತ್ತಿದ್ದ ಅಪ್ಪನ ಮುಖ ಕಣ್ಣಿಗೆ ಕಟ್ಟಿ, ತಡೆಯಲಾರದೆ ನಗು ಬಂತು. ಅದಕ್ಕೆ ಇನ್ನಷ್ಟು ಬೈದರು.